ಮೇಣದ ಬಿಲ್ಲೆ

ಕುಷ್ಟಗಿ ಸೀಮೆಯಲ್ಲಿ ಬೀಜದ ಕಂಪನಿಗಳಿಗಾಗಿ ಟೊಮ್ಯಾಟೊ ಹೂವಿಗೆ ಹೂವು ಕೂಡಿಸುವ ಹೆಂಗಸರು ಬೇಕಾದಷ್ಟಿದ್ದಾರೆ. ಆದರೆ ನಮ್ಮ ಪಕ್ಕದ ಮನೆಯ ಶೇಖರಮ್ಮನ ಕೈಯೇ ಬೇರೆ. ಸಂಜೆ ಚಿಮುಟದಿಂದ ಮೊಗ್ಗಿನ ಗಂಡು ಭಾಗ ತೆಗೆದರೆ ಎಸಳು ನಲುಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅದಕ್ಕೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಿದ್ದಳು. ಅಂಗನವಾಡಿ ಟೀಚರ್ ನಾನು. ನನಗೇ ಪಾಠ ಹೇಳುವವಳು ಅವಳು.

“ಗಿಡ ನೋಡಿ ಮೋಸ ಹೋಗಬ್ಯಾಡ್ರಿ ಟೀಚರ್. ಎರಡೂ ಒಂದ ಥರ ಕಾಣತಾವ, ಒಳಗ ತಳಿ ಬ್ಯಾರೆ ಇರತೈತಿ.”

ಹೋದ ವರ್ಷ ಅವಳ ಅಂಡಾಶಯದಲ್ಲಿ ಗಡ್ಡೆ ಬೆಳೆಯಿತು. ಹೊಟ್ಟೆ ಉಬ್ಬಿದ್ದನ್ನು ಗ್ಯಾಸು ಎಂದುಕೊಂಡು ಮೂರು ತಿಂಗಳು ಓಮದ ನೀರು ಕುಡಿದಳು. ಕೊನೆಗೆ ನಾನೇ ಬೈದು ಕೊಪ್ಪಳಕ್ಕೆ ಕರೆದೊಯ್ದೆ. ಆಪರೇಷನ್ ಆಯಿತು. ತೆಗೆದ ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿ, ಬೆರಳಗಲದ ಬಿಲ್ಲೆ ಮಾಡಿ, ಜೋಪಾನವಾಗಿ ಇಡಿ ಎಂದು ರಿಪೋರ್ಟಿನ ಜೊತೆ ಕೊಟ್ಟರು. ಆಮೇಲೆ ಆರು ಸಲ ಕೀಮೋ ಕೊಟ್ಟರೂ ಗಡ್ಡೆ ಮತ್ತೆ ತಲೆಯೆತ್ತಿತು.

ಹುಬ್ಬಳ್ಳಿಯ ಡಾಕ್ಟರು ಹೇಳಿದರು: “ಇದು ಭಾಳ ಅಪರೂಪದ ಗಡ್ಡಿ. ಎಲ್ಲಾರಿಗೂ ಕೊಡೂ ಔಷಧ ಇದಕ್ಕ ನಾಟವಲ್ದು. ಗಡ್ಡಿಯ ಜೀನ್ ಪರೀಕ್ಷೆ ಮಾಡಿಸಿದ್ರ ಯಾವ ಗುಳಿಗಿ ಹತ್ತತೈತಿ ಅಂತ ಗೊತ್ತಾಗಬಹುದು. ಆ ಮೇಣದ ಬಿಲ್ಲಿ ತರ್ರಿ.”

“ತಳಿ ನೋಡತಾರ ಅನ್ರಿ,” ಎಂದಳು ಶೇಖರಮ್ಮ. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.

ಮನೆಗೆ ಬಂದು ಟ್ರಂಕು ಜಾಲಾಡಿದೆವು. ರಿಪೋರ್ಟು ಇತ್ತು, ಬಿಲ್ಲೆ ಇರಲಿಲ್ಲ. ಮಗ ತೀರಿಕೊಂಡ ಮೇಲೆ ಸೊಸೆಯೇ ಜೀವವಾಗಿರುವ ಅತ್ತೆ ಮುದಕಮ್ಮ ಒಲೆಯ ಮುಂದಿನಿಂದಲೇ ಹೇಳಿದಳು:

“ಆ ಪೀಡೀನಾ? ನೀ ಮಲಗಿದ್ದಾಗ ಉಪ್ಪು, ಮೆಣಸಿನಕಾಯಿ ಕೂಡ ಮೂರು ಸಲ ನಿವಾಳಿಸಿ ಒಲಿಗೆ ಹಾಕಿದೆ. ಏನು ಉರೀತವ್ವಾ, ಎಷ್ಟು ದೃಷ್ಟಿ ಆಗಿತ್ತೋ.”

ನನ್ನ ಪಿತ್ತ ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಶೇಖರಮ್ಮ ರಟ್ಟೆ ಹಿಡಿದು ನನ್ನನ್ನು ಹೊರಗೆಳೆದಳು.

“ಅದು ಬೇಕಾಗಿತ್ತಂತ ನಮ್ಮತ್ತಿ ಮುಂದ ಹೇಳಬ್ಯಾಡ್ರಿ ಟೀಚರ್. ಗೊತ್ತಾದ್ರ ಆಕಿ ಇನ್ನ ಆ ಒಲಿ ಮುಂದ ಕುಂದ್ರಾಕ ಆಗಂಗಿಲ್ಲ.” ಇಷ್ಟು ಹೇಳಿ ಕಟ್ಟೆಯ ಮೇಲೆ ಕುಸಿದು ಕುಳಿತಳು. “ನನಗ ಬದುಕಬೇಕಂತ ಭಾಳ ಆಸೆ ಐತ್ರಿ,” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ.

ಕೊಪ್ಪಳದಲ್ಲಿ ವಿಚಾರಿಸಿದೆವು. ಆಗ ಪರೀಕ್ಷಿಸಲು ಗಾಜಿನ ಪಟ್ಟಿಗೆ ಅಂಟಿಸಿದ್ದ ಗಡ್ಡೆಯ ತೆಳು ಪದರವಷ್ಟೇ ಉಳಿದಿದೆ, ಅದು ಈ ಪರೀಕ್ಷೆಗೆ ಸಾಲದು ಎಂದರು. ಹುಬ್ಬಳ್ಳಿಯಲ್ಲಿ ಸೂಜಿ ಚುಚ್ಚಿ ತೆಗೆದದ್ದೂ ಸಾಲಲಿಲ್ಲ. ಉಳಿದದ್ದು ಒಂದೇ ದಾರಿ, ಹೊಟ್ಟೆ ಮತ್ತೊಮ್ಮೆ ಕೊಯ್ಯುವುದು. ಸೊರಗಿದ ಆ ಮೈ ತಡೆದೀತೇ ಎಂದು ಡಾಕ್ಟರಿಗೇ ಅನುಮಾನವಿತ್ತು. ಶೇಖರಮ್ಮ ಮಾತ್ರ ಒಪ್ಪಿ ಹೆಬ್ಬೆಟ್ಟು ಒತ್ತಿದಳು.

ಹೊರಡುವ ದಿನ ಮುದಕಮ್ಮ ಬಸ್ ಸ್ಟ್ಯಾಂಡಿನತನಕ ಕೋಲೂರಿಕೊಂಡು ಬಂದಳು. “ಒಮ್ಮಿ ಕೊಯ್ದದ್ದು ಸಾಲದೇನು? ಮತ್ಯಾಕ?”

“ಆಗ ತಗದ ತುಣುಕು ಯಾರೋ ಕಳದಾರ್ರಿ ಅತ್ತಿ.”

ಮುದುಕಿ ನಡುರಸ್ತೆಯಲ್ಲಿ ನಿಂತು ಮಣ್ಣು ತೂರಿದಳು. “ಕಳದವರ ಕೈ ಸೇದಿಹೋಗ್ಲಿ. ಆ ಕೈಗೆ ಹುಳ ಬೀಳ್ಲಿ.”

ಶೇಖರಮ್ಮ ಬಸ್ಸಿನ ಮೆಟ್ಟಿಲಿನಿಂದ ಇಳಿದು ಬಂದು ಅತ್ತೆಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಅಂಟಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು.

“ಆ ಕೈಗೆ ಶಾಪ ಹಾಕಬ್ಯಾಡ್ರಿ ಅತ್ತಿ. ನಾ ಉಳೀಲಿ ಅಂತನ ಮಾಡಿದ್ದು ಅದು.”