ಶರಣವ್ವ ತೋರಿಸಿದ ರಾಡಿ ನೀರು

ಮರಾಠಿ ಸೀಮೆಯ ಸಾಸವಡದ ಹತ್ತಿರ ತೋಟದ ಮಾಲೀಕರೊಬ್ಬರು ಕಟ್ಟಿಸಿದ್ದ ಸಣ್ಣ ಮಣ್ಣಿನ ಒಡ್ಡನ್ನು ಪರೀಕ್ಷಿಸಲು ಇಂಜಿನಿಯರನಾಗಿ ಹೋಗಿದ್ದೆ. ಮೇಲೆ ನಡೆದಾಡಿ, ಎಲ್ಲ ಸರಿಯಿದೆ ಎಂದು ಬರೆಯುವಷ್ಟರಲ್ಲಿ, ಕೂಲಿಗಿದ್ದ ಯಾದಗಿರಿ ಕಡೆಯ ಶರಣವ್ವ ನಾನು ಕನ್ನಡದವನೆಂದು ತಿಳಿದು ಹತ್ತಿರ ಬಂದರು.

“ಕೆಳಗ ಬಂದು ನೋಡ್ರಿ ಸಾಹೇಬ್ರ. ತಿಳಿ ನೀರು ಜಿನುಗಿದ್ರ ನಾ ಅಂಜತಿದ್ದಿಲ್ಲ. ನಿನ್ನೆಯಿಂದ ರಾಡಿ ಬರ್ಲಾಕತ್ತದ. ಒಳಗಿನ ಮಣ್ಣು ಹೊಂಟದ.”

ಇಳಿದು ಲೋಟದಲ್ಲಿ ಹಿಡಿದೆ, ನೀರು ಚಹಾದಂತಿತ್ತು. ಒಡ್ಡಿನ ಕೆಳಗೇ ಕೂಲಿಗಳ ಗುಡಿಸಲುಗಳಿದ್ದವು. ಕೂಡಲೇ ನೀರು ಹೊರಬಿಡಿ ಎಂದೆ; ಮಾಲೀಕರು ಮರಾಠಿಯಲ್ಲಿ ಗೊಣಗುತ್ತಲೇ ತೂಬು ತೆಗೆಸಿದರು. ನೀರು ತಗ್ಗಿದ ಮೇಲೆ ಅಗೆಸಿದರೆ, ಒಳಗೆ ತೋಳು ತೂರುವಷ್ಟು ಪೊಳ್ಳು.

“ನಿಮಗೆ ಹೇಗೆ ಗೊತ್ತಾಯಿತು?” ಎಂದೆ.

“ಈ ಒಡ್ಡಿಗಿ ಮಣ್ಣ ಹೊತ್ತಾಕಿ ನಾನೇ ರೀ,” ಎಂದರು ತಲೆಯೆತ್ತಿ.

ವರದಿಯಲ್ಲಿ, ದೋಷ ಕಂಡುಹಿಡಿದವರು ಶರಣವ್ವ ಎಂದು ಹೆಮ್ಮೆಯಿಂದ ಬರೆದೆ. ಮೇಲಧಿಕಾರಿ ಓದಿ, ಅವರ ವಿದ್ಯಾರ್ಹತೆ ಏನೆಂದು ಕೇಳಿದರು. ನನ್ನದಕ್ಕಿಂತ ಹೆಚ್ಚು ಎಂದೆ.