ಚಾಂದಸಾಬ್ ಮತ್ತು ಮೊಟ್ಟೆ ಇಡುವ ಹಾಲಿನ ಪ್ರಾಣಿ

ನಮ್ಮ ಪಕ್ಕದ ಮನೆಯ ಚಾಂದಸಾಬ್ ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಹೊಲಿಗೆ ಪರೀಕ್ಷೆ ಮಾಡುತ್ತಾನೆ. ಪ್ಯಾಂಟಿನ ಒಳಮೈ ತಿರುವಿ, ಹೆಬ್ಬೆರಳಿನಿಂದ ಎಳೆದು, ಎಲ್ಲಿ ತಪ್ಪು ಮುಚ್ಚಿದ್ದಾರೆ ಎಂದು ಹುಡುಕುವುದೇ ಕೆಲಸ. ಆ ಚಾಳಿ ಮನೆಗೂ ಬಂದಿದೆ. ನಾನು ಕೊಟ್ಟ ಹೋಳಿಗೆಯನ್ನೂ ತಿರುವಿ ನೋಡಿಯೇ ತಿನ್ನುತ್ತಾನೆ.

ಅವನ ಮಗಳು ಮುಸ್ಕಾನ್ ಕುರುಗೋಡಿನ ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರಾಗಿ ಎರಡು ತಿಂಗಳಾಗಿತ್ತು. ಮೊಟ್ಟೆಯಿಟ್ಟು ಮರಿಗೆ ಹಾಲೂಡಿಸುವ ಪ್ಲಾಟಿಪಸ್ ಎಂಬ ಪ್ರಾಣಿಯ ಪಾಠ ಮಾಡಿದ ಮರುದಿನ ಸುಂಕಣ್ಣ ಎಂಬ ಪಾಲಕ ಬಂದು, ಈಕೆ ಮಕ್ಕಳಿಗೆ ಸುಳ್ಳು ಕಲಿಸುತ್ತಾಳೆಂದು ಕೂಗಾಡಿದ. ಸೋಮವಾರ ಅವನನ್ನು ಒಪ್ಪಿಸು, ಇಲ್ಲವೇ ಕೆಲಸ ಬಿಡು ಎಂದರಂತೆ ಹೆಡ್ ಮೇಡಂ.

ಭಾನುವಾರ ಕಟ್ಟೆಯ ಮೇಲೆ ಮುಸ್ಕಾನ್ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಬಾತುಕೋಳಿಯಂಥ ಕೊಕ್ಕು, ಮೈತುಂಬ ರೋಮ, ಚಪ್ಪಟೆ ಬಾಲ.

“ಇದನ್ನ ಯಾರೋ ಹೊಲಿದಾರ,” ಎಂದ ಚಾಂದಸಾಬ್. “ಮೂರು ಪ್ರಾಣಿ ಕಟಿಂಗ್ ಐತಿ ಇದರಾಗ.”

“ಮೊದಲ ಸಲ ಇದರ ಚರ್ಮ ನೋಡಿದ ವಿಲಾಯಿತಿ ಪಂಡಿತರೂ ಹಂಗ ಅಂದಿದ್ರು, ಅಬ್ಬಾ. ಹೊಲಿಗಿ ಹುಡುಕಿದ್ರು, ಸಿಗಲಿಲ್ಲ.”

“ಒಳಮೈ ನೋಡಿರಲಿಕ್ಕಿಲ್ಲ.”

“ಈಗ ಅದನ್ನೂ ನೋಡ್ಯಾರ, ವಂಶವಾಹಿ ಓದ್ಯಾರ. ಮೊಟ್ಟಿಯೊಳಗಿನ ಹಳದಿ ಲೋಳಿ ಮಾಡೋ ವಂಶವಾಹಿ ಕೋಳಿಗೆ ಮೂರು, ಇದಕ್ಕ ಒಂದು ಉಳದೈತಿ, ನಮಗ ಒಂದೂ ಇಲ್ಲ. ಹಾಲಿನವು ಮಾತ್ರ ನಮ್ಮಂಗ ಅದಾವ. ಗಂಡು-ಹೆಣ್ಣು ಗೊತ್ತು ಮಾಡೋ ವರ್ಣತಂತು ನಮಗ ಎರಡು, ಇದಕ್ಕ ಹತ್ತು.”

“ಹತ್ತು ಯಾಕ? ಅಲ್ಲೇ ಏನೋ ಮೋಸ ಐತಿ.”

ಮುಸ್ಕಾನಳ ಕಣ್ಣು ತುಂಬಿತು. ನಾನು ಕೇಳಿದೆ, “ಕೋಳಿದು ಇದಕ್ಕ ಹೆಂಗ ಬಂತವ್ವಾ? ಯಾರು ತಂದು ಅಂಟಿಸಿದ್ರು?”

“ಯಾರೂ ತಂದಿಲ್ಲಜ್ಜಿ. ಎಲ್ಲಾರದೂ ಹಳೇ ಮೂಲ ಒಂದ. ಹದಿನೆಂಟು ಕೋಟಿ ವರ್ಷದ ಹಿಂದ ಇದು ಬ್ಯಾರೆ ದಾರಿ ಹಿಡೀತು. ನಾವು ಮೊಟ್ಟಿ ಬಿಟ್ವಿ, ಇದು ಬಿಡಲಿಲ್ಲ. ಕೊಕ್ಕು ಬಾತುಕೋಳಿದಲ್ಲ, ತಾನ ಬೆಳಸ್ಕೊಂಡಿದ್ದು.”

ಚಾಂದಸಾಬ್ ಬಹಳ ಹೊತ್ತು ಚಿತ್ರ ನೋಡಿದ. “ಅಂದ್ರ ತೇಪಿ ಅಲ್ಲ. ಒಂದ ಥಾನಿನ, ಒಂದ ಸುರುಳಿ ಬಟ್ಟಿ, ಹಳೇ ಅಂಚು ಕತ್ತರಿಸಿಲ್ಲ. ಹುಂ. ನೋಡೋಣ.”

ಸೋಮವಾರ ರಜೆ ಹಾಕಿ ಮಗಳ ಜೊತೆ ಕುರುಗೋಡಿಗೆ ಹೊರಟ. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಕರೆದೊಯ್ದ.

“ಆ ಪ್ರಾಣೀನ ನೀವು ಕಣ್ಣಾರೆ ನೋಡೀರೇನ್ ಸಾಬ್ರ?” ಎಂದು ಹೆಡ್ ಮೇಡಂ ಕೋಣೆಯಲ್ಲಿ ಸುಂಕಣ್ಣ ಕೆಣಕಿದ.

“ಇಲ್ಲ. ನಾ ಯಾರನ್ನೂ ನಂಬಂಗಿಲ್ಲ, ನನ್ನ ಮಗಳನ್ನೂ. ನಿನ್ನೆಯಿಂದ ಆಕಿ ಮಾತಿನಾಗ ತಪ್ಪು ಹುಡುಕಾಕತ್ತೀನಿ, ಸಿಕ್ಕಿಲ್ಲ. ನಿನಗ ಸಿಕ್ರ ಹೇಳು, ನಾನ ಆಕೀನ ಮನಿಗೆ ಕರ್ಕೊಂಡು ಹೋಗ್ತೀನಿ.”

ಸುಂಕಣ್ಣ ಗದ್ದ ಕೆರೆದುಕೊಂಡ. “ಮೊಲಿ ಇಲ್ಲಂತಲ್ಲ, ಮರಿ ಹಾಲು ಹೆಂಗ ಕುಡೀತೈತಿ?”

“ಚರ್ಮದಿಂದ ಜಿನುಗತೈತ್ರಿ, ನೆಕ್ಕತೈತಿ,” ಎಂದಳು ಮುಸ್ಕಾನ್.

ಕೂಗಾಟ ಮರೆತು ಅವನು ಇನ್ನೊಂದು ಕೇಳಿದ, ಮತ್ತೊಂದು ಕೇಳಿದ; ಎಲ್ಲಕ್ಕೂ ಮುಸ್ಕಾನ್ ಉತ್ತರ ಕೊಟ್ಟಳು. ಕೊನೆಗೆ ಹೆಡ್ ಮೇಡಂ ಗಡಿಯಾರ ನೋಡಿ, “ಎಂಟನೇ ಕ್ಲಾಸಿನ ಹುಡುಗ್ರು ಟೀಚರಿಲ್ಲದ ಕುಂತಾರ, ಪಾಠಕ್ಕ ಹೋಗಮ್ಮಾ,” ಎಂದರು. ಮುಸ್ಕಾನ್ ಓಡಿದಳು. ಚಾಂದಸಾಬ್ ಆ ಕ್ಲಾಸಿನ ಕಿಟಕಿಯ ಹೊರಗೆ ಕುಳಿತು, ಪಾಠ ಮುಗಿಯುವತನಕ ಕಿವಿಗೊಟ್ಟು ಕೇಳಿದ.