ತಾಂಬೂಲದ ಚೀಲದ ಸೆಲ್ವಕ್ಕ

ನಮ್ಮ ಬೀದಿಯ ಸೆಲ್ವಕ್ಕ ಆ ಭಾನುವಾರ ಏನು ಹೇಳಿದರು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಆದರೆ ಹಾಗೇ ಹೇಳಿದರು ಎಂದು ಆಣೆ ಮಾಡಲಾರೆ. ಪಕ್ಕದಲ್ಲೇ ಕೂತಿದ್ದ ಅಮ್ಮ ಬೇರೆಯೇ ಹೇಳುತ್ತಾಳೆ. ಚೀಲದ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ. ಹಳದಿ ಬಟ್ಟೆಯದು, ಯಾವುದೋ ಮದುವೆಯಲ್ಲಿ ತಾಂಬೂಲ ಹಾಕಿ ಕೊಟ್ಟದ್ದು, ಮೇಲೆ ವಧೂವರರ ಹೆಸರು. ಅದರೊಳಗೆ ಬೀದಿಯವರ ಮೂತ್ರದ ಬಾಟಲಿಗಳು.

ಭದ್ರಾವತಿಯ ನಮ್ಮ ಬೀದಿಯ ತುಂಬ ಕಾರ್ಖಾನೆಯಿಂದ ನಿವೃತ್ತರಾದವರು. ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ನೋಡಿಸಿ, ಕಿಡ್ನಿ ಹೇಗಿದೆ ಎಂದು ಬೇಗ ತಿಳಿಯುತ್ತದೆ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಆದರೆ ಬಾಟಲಿ ಹಿಡಿದು ಹಾಡಹಗಲೇ ಲ್ಯಾಬಿಗೆ ನಡೆಯಲು ಎಲ್ಲರಿಗೂ ನಾಚಿಕೆ. ಸೆಲ್ವಕ್ಕನಿಗಿರಲಿಲ್ಲ; ಎಲ್ಲರ ಬಾಟಲಿಯನ್ನೂ ಅವರೇ ಒಯ್ದು ಕೊಡುತ್ತಿದ್ದರು. ಅವರ ಗಂಡ ಕಿಡ್ನಿ ಹೋಗಿ ತೀರಿಕೊಂಡಿದ್ದರು.

"ಕಾಲು ಊದ್ಕೊಂಡ್ಮೇಲೆ ತೋರ್ಸಿದ್ವಿ. ಆಮೇಲೆ ಏನ್ ಮಾಡಕ್ಕಾಗುತ್ತೆ?" ಎನ್ನುತ್ತಿದ್ದರು.

ಒಮ್ಮೆ ಮೂಲೆ ಅಂಗಡಿಯವನು ಚೀಲ ನೋಡಿ, "ಯಾರ ಮದುವೆ ಅಕ್ಕಾ? ಲಾಡು ಇದ್ಯಾ?" ಎಂದನಂತೆ.

"ಇದೆ, ಬಾ ಮಾರಾಯ, ಕೈ ಹಾಕು!"

ಅಮ್ಮ ನಿವೃತ್ತ ಶಿಕ್ಷಕಿ, ಅವಳಿಗೂ ಸಕ್ಕರೆ ಕಾಯಿಲೆ. ಬಾಟಲಿ ಕೇಳಿದಾಗಲೆಲ್ಲ "ನಾಳೆ" ಎನ್ನುವಳು. ನಾನು ಶಿವಮೊಗ್ಗದಿಂದ ಫೋನಿನಲ್ಲಿ ಬೈಯುವೆ. ಕೊನೆಗೆ ಅಮ್ಮನ ಹೆಸರಿನ ರಿಪೋರ್ಟೂ ಬಂತು. ಭಾನುವಾರ ಊರಿಗೆ ಹೋದವನು ಜಗಲಿಯಲ್ಲಿ ಅಮ್ಮ, ಸೆಲ್ವಕ್ಕನ ಜೊತೆ ಕೂತು ಓದಿದೆ: ಪ್ರೋಟೀನ್ ಟೂ ಪ್ಲಸ್, ಅಂದರೆ ಹೆಚ್ಚೇ ಹೋಗುತ್ತಿದೆ.

"ನಾನು ಕೊಟ್ಟೇ ಇಲ್ಲ ಕಣೋ!" ಎಂದಳು ಅಮ್ಮ.

ಸೆಲ್ವಕ್ಕ ನಕ್ಕುಬಿಟ್ಟರು. "ಟೀಚರಮ್ಮ ಕೊಟ್ಟಿಲ್ಲ ತಂಬಿ, ನಂದೇ ತುಂಬ್ಸಿ ಕೊಟ್ಟೆ. ನೀನು ಬೈತೀಯ, ಇವ್ರು ಊಟ ಬಿಟ್ಟು ಕೂರ್ತಾರೆ. ನನಗೇನು ಸಕ್ಕರೆ ಇಲ್ಲ, ಕಾಯಿಲೆ ಇಲ್ಲ, ಕ್ಲೀನಾಗೇ ಬರುತ್ತೆ ಅಂತ..."

ನಗು ಅಲ್ಲಿಗೇ ನಿಂತಿತು.

"ತಂಬಿ, ಇನ್ನೊಂದ್ಸಲ ಓದು" ಎಂದರು. ಇದು ನನ್ನ ನೆನಪು. ಅವರು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು, ಅಷ್ಟೇ ಎಂಬುದು ಅಮ್ಮನ ನೆನಪು.

ನಾನು ನನ್ನ ಅಭ್ಯಾಸದಂತೆ, ಒಂದು ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ, ಜ್ವರ ಬಂದಿದ್ದರೂ ಹೀಗಾಗಬಹುದು ಎಂದೆ.

"ನೀನು ಓದಿದ್ದು ಜಾಸ್ತಿ ಆಯ್ತು" ಎಂದರು ಸೆಲ್ವಕ್ಕ. ದನಿಯಲ್ಲಿ ಎಂದಿನ ಖಾರವಿರಲಿಲ್ಲ.

ಮರುದಿನ ಆ ಚೀಲ ಹಿಡಿದು ಬೀದಿಯಲ್ಲಿ ನಡೆದವಳು ಅಮ್ಮ. ಒಳಗೆ ಎರಡು ಬಾಟಲಿ, ಪಕ್ಕದಲ್ಲಿ ಬರಿಗೈಯ ಸೆಲ್ವಕ್ಕ. ಅಮ್ಮನದು ಸರಿಯಾಗಿತ್ತು. ಸೆಲ್ವಕ್ಕನದು ಮತ್ತೆ ಟೂ ಪ್ಲಸ್. ಅವರಿಗೆ ಬಿಪಿ ವಿಪರೀತ ಏರಿತ್ತು, ಎಷ್ಟು ಕಾಲದಿಂದಲೋ ಗೊತ್ತಿಲ್ಲ. ಡಾಕ್ಟರು ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡಿ ಎಂದರು. ಉಪ್ಪಿನಕಾಯಿ ಜಾಡಿ ನಮ್ಮ ಮನೆಗೆ ಬಂತು. "ನನ್ನೆದುರಿಗೆ ಮಾತ್ರ ತಿನ್ಬೇಡಿ ಟೀಚರಮ್ಮ, ಪಾಪ ಸುತ್ಕೊಳ್ಳುತ್ತೆ" ಎಂದರಂತೆ. ಬೀದಿಯವರ ಬಾಟಲಿಗಳ ಜೊತೆ ಅವರದೂ ಹೋಗತೊಡಗಿತು.

ಕೆಲವು ವರ್ಷಗಳಾದ ಮೇಲೆ ಅವರು ಶಿವಮೊಗ್ಗದ ಮಗಳ ಮನೆ ಸೇರಿದರು. ಒಂದೇ ಊರಿನಲ್ಲಿದ್ದರೂ ನಾನು ಹೋಗಿ ನೋಡಿದ್ದು ಕಡಿಮೆ. ಹೋದ ಚಳಿಗಾಲದಲ್ಲಿ ನಿದ್ದೆಯಲ್ಲೇ ಹೋದರು ಎಂದು ಸುದ್ದಿ ಬಂತು.

ನನ್ನ ನೆನಪನ್ನು ನಂಬದ ನಾನು ಒಂದನ್ನು ಮಾತ್ರ ಅವರ ಮಗಳ ಹತ್ತಿರ ಹೋಗಿ ಕೇಳಿ ಖಚಿತಪಡಿಸಿಕೊಂಡೆ. ಡಯಾಲಿಸಿಸ್ ಬೇಕಾಗಿರಲಿಲ್ಲ. ಕೊನೆಯವರೆಗೂ ಅವರ ಕಾಲು ಊದಿರಲಿಲ್ಲ.